ಅಂಗಡಿ ಮುಚ್ಚುವ ಗಂಟೆ

2009ರ ಮಾರ್ಚ್ 14, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಬ್ಯಾಡಗಿಯ ನಮ್ಮ ಮನೆಯಲ್ಲಿ ಫೋನಿನ ತಂತಿಗೆ ಜೋಡಿಸಿದ ಇಂಟರ್ನೆಟ್ಟು ಎರಡು ನಿಮಿಷ ತಡಕಾಡಿ ಒಂದು ಪುಟ ತೋರಿಸಿತು. ಹಳೆಯ ಕಂಪ್ಯೂಟರ್ ಆಟಗಳನ್ನು ಮಾರುವ ಅಮೆರಿಕದ ಅಂಗಡಿಯೊಂದರ ಪುಟ. ಎಂದಿನ ಚಿತ್ರಗಳು ಇರಲಿಲ್ಲ. ಬಿಳಿ ಹಿನ್ನೆಲೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಮಾತ್ರ ಇತ್ತು. ಅಂಗಡಿ ಮುಚ್ಚುತ್ತಿದ್ದೇವೆ, ಹಿಂದೆ ಕೊಂಡವರು ತಮ್ಮ ಆಟಗಳನ್ನು ಈ ಶನಿವಾರ ಬೆಳಿಗ್ಗೆ ಎಂಟರವರೆಗೆ, ಅಲ್ಲಿನ ಪೂರ್ವ ಕರಾವಳಿಯ ಸಮಯದಂತೆ, ಇಳಿಸಿಕೊಳ್ಳಬಹುದು, ಆಮೇಲೆ ಏನೂ ಉಳಿಯುವುದಿಲ್ಲ. ಕಾರಣ ಬರೆದಿರಲಿಲ್ಲ.

ನಾನು ಅದನ್ನು ಗಟ್ಟಿಯಾಗಿ ಓದಿದೆ. ಹಿಂದಿನ ಕುರ್ಚಿಯಲ್ಲಿ ಅಪ್ಪ ಕುಳಿತಿದ್ದರು.

"ಅವರದು ಎಂಟು ಅಂದ್ರ ನಮ್ಮದು ಸಂಜಿ ಆರೂವರಿ," ಎಂದೆ. ಮೆಣಸಿನಕಾಯಿಯ ಬಣ್ಣ ಅಳೆಯುವ ಲ್ಯಾಬಿನಲ್ಲಿ ನನ್ನ ಕೆಲಸ. ಅಮೆರಿಕದ ಖರೀದಿದಾರರಿಗೆ ವರದಿ ಕಳಿಸುವಾಗ ನೋಡಿಕೊಳ್ಳಲೆಂದು ಡಿಸೆಂಬರಿನಲ್ಲಿ ನಾನೇ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ. ನ್ಯೂಯಾರ್ಕಿಗೂ ನಮಗೂ ಹತ್ತೂವರೆ ತಾಸು. ಅದು ಬಾಯಿಪಾಠವಾಗಿತ್ತು.

ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಅದು ಆತಂಕದ ಸದ್ದು ಎಂದುಕೊಂಡೆ.

ಅಪ್ಪ, ಮಾಲತೇಶಪ್ಪ ಮಾಸ್ತರ, ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಮತ್ತು ಭೂಗೋಳ ಕಲಿಸಿದವರು. ಹಿಂದಿನ ಅಕ್ಟೋಬರ್ ಹನ್ನೊಂದರಂದು ಅವರಿಗೆ ಪಾರ್ಶ್ವವಾಯು ಹೊಡೆಯಿತು. ತಿಳಿವಳಿಕೆ ಇದ್ದಂತೆಯೇ ಇತ್ತು. ನಾಲಿಗೆ ಮತ್ತು ಬಲಗೈ ಹೋದವು. ಎಡಗೈಯಲ್ಲಿ ಬರೆಯಿರಿ ಎಂದು ಪಾಟಿ ಕೊಟ್ಟರೆ ಅದನ್ನು ಗೋಡೆಗೆ ಎಸೆದಿದ್ದರು. ಎಡಚ ಮಕ್ಕಳ ಬೆರಳಿಗೆ ಪಟ್ಟಿಯಿಂದ ಹೊಡೆದು ಕೈ ಬದಲಿಸುತ್ತಿದ್ದ ಮಾಸ್ತರರು ಅವರು. ಹಾವೇರಿಯ ವ್ಯಾಯಾಮದ ಡಾಕ್ಟರು ಮೊದಲ ದಿನವೇ ಹೇಳಿದ್ದರು: ಮರಳಿ ಬರುವುದೇನಿದ್ದರೂ ಬಹುಪಾಲು ಮೊದಲ ಆರು ತಿಂಗಳಲ್ಲಿ ಬರುತ್ತದೆ, ಒಂದು ದಿನವೂ ಕೈ ಸುಮ್ಮನಿರಬಾರದು. ರಬ್ಬರ್ ಚೆಂಡು, ಬಣ್ಣದ ಗೂಟಗಳು, ಯಾವುದನ್ನೂ ಅಪ್ಪ ಮುಟ್ಟಲಿಲ್ಲ. ಮುಟ್ಟಿದ್ದು ಒಂದನ್ನೇ. ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಮಕ್ಕಳೊಂದಿಗೆ ಆಡುತ್ತಿದ್ದ ಒಂದು ಹಳೆಯ ಆಟ. ನದಿಯ ದಂಡೆಗೆ ಊರು ಕಟ್ಟಬೇಕು, ಕಾಲುವೆ ತೋಡಬೇಕು. ನೀವು ಒಂದು ಹೆಜ್ಜೆ ಇಡುವವರೆಗೆ ಅದು ಕಾಯುತ್ತದೆ. ಗಂಟೆಗಟ್ಟಲೆ ಕಾದರೂ ಬೈಯುವುದಿಲ್ಲ. ಡಿಸೆಂಬರಿನಲ್ಲಿ ಅದನ್ನು ಆ ಅಂಗಡಿಯಿಂದ ಕೊಂಡು ಇಂಟರ್ನೆಟ್ಟಿನಲ್ಲಿ ಇಳಿಸಿಕೊಂಡೆ. ಮೌಸಿನ ಮೇಲೆ ಅವರ ಬಲಗೈ ಇಟ್ಟುಕೊಟ್ಟರೆ ಮೊದಲ ವಾರ ನಾಲ್ಕು ನಿಮಿಷ, ಫೆಬ್ರುವರಿ ಕೊನೆಗೆ ನಲವತ್ತು ನಿಮಿಷ ಆಡಿದರು. ಆ ನಿಮಿಷಗಳನ್ನು ದಿನವೂ ಬರೆದಿಡುತ್ತಿದ್ದೆ.

ಗುರುವಾರ ಕಂಪ್ಯೂಟರಿನ ಡಿಸ್ಕು ಕೆಟ್ಟಿತು. ಹೊಸದು ಹಾಕಿಸಿದರೂ ಆಟ ಹೋಗಿತ್ತು. ನಾನು ಸೀಡಿ ಮಾಡಿಟ್ಟಿರಲಿಲ್ಲ. ಅಂಗಡಿ ಅಲ್ಲೇ ಇರುತ್ತದಲ್ಲ ಎಂದುಕೊಂಡಿದ್ದೆ. ಎರಡು ದಿನದಿಂದ ಅಪ್ಪನ ಬಲಗೈ ತೊಡೆಯ ಮೇಲೆ ಇಟ್ಟಂತೆ ಬಿದ್ದಿತ್ತು. ಬೇರೆ ಆಟ ಹಾಕಿಕೊಟ್ಟರೆ ಕಣ್ಣು ಮುಚ್ಚಿಕೊಂಡರು.

ಆಟ ಎರಡು ಭಾಗಗಳಲ್ಲಿತ್ತು. ಒಂದೊಂದೂ ಆರುನೂರ ಇಪ್ಪತ್ತು ಎಂಬಿ. ಮನೆಯ ಲೈನಿನಲ್ಲಿ ಮೂರು ದಿನ ಬೇಕು. ಬ್ರಾಡ್‌ಬ್ಯಾಂಡ್ ಇದ್ದ ಕಡೆ ತಾಸಿಗೆ ನೂರು ಎಂಬಿ ಇಳಿಯುತ್ತದೆ. ಹಾಗಾದರೂ ಒಂದೇ ಲೈನಿಗೆ ಹನ್ನೆರಡು ತಾಸು ದಾಟುತ್ತದೆ. ಎರಡು ಊರು, ಎರಡು ಲೈನು ಬೇಕಿತ್ತು.

ರಾಣೆಬೆನ್ನೂರಿನಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದ ಕೈಸರನಿಗೆ ಫೋನು ಮಾಡಿದೆ. ಅವನು ಅಪ್ಪನ ಶಿಷ್ಯ.

"ಮಾಸ್ತರ ಕೈಯಾಗ ಎಷ್ಟು ಏಟು ತಿಂದೇನಿ, ಆ ಕೈ ಬರಲಿ ಅಂತ ನಾನs ದುಡೀಬೇಕೇನಕ್ಕಾ?" ಎಂದು ನಕ್ಕ. ಆಮೇಲೆ, "ಲಗೂ ಬರ್ರಿ. ಹಾವೇರ್ಯಾಗ ನಮ್ಮ ಚಿಗವ್ವನ ಮಗಳು ಸಲ್ಮಾ ಅದಾಳ. ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ, ಅಲ್ಲಿ ಲೈನ್ ಐತಿ. ಎರಡನೇ ಭಾಗ ಆಕಿ ಎಳೀಲಿ," ಎಂದ.

ಎಂಟೂಕಾಲಿನ ಬಸ್ಸು ಹಿಡಿಯಲು ನಾನು ಚಪ್ಪಲಿ ಹಾಕುತ್ತಿದ್ದಾಗ ಅಪ್ಪ ಎಡಗೈಯಿಂದ ಕುರ್ಚಿಯ ತೋಳು ಬಡಿದರು. ಮತ್ತೆ ಬಡಿದರು.

"ತರ್ತೇನಪ್ಪಾ, ತಂದs ತರ್ತೇನಿ," ಎಂದು ಓಡಿದೆ.

ಕೈಸರನ ಅಂಗಡಿಯಲ್ಲಿ ಒಂಬತ್ತು ಐದಕ್ಕೆ ಮೊದಲ ಭಾಗ ಶುರುವಾಯಿತು. ಸಲ್ಮಾ ಹತ್ತೂಕಾಲಿಗೆ ಹಾವೇರಿಯಲ್ಲಿ ಎರಡನೆಯದನ್ನು ಹಚ್ಚಿದಳು. ನಾನು ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು, ಕಾಲು ತಾಸಿಗೊಮ್ಮೆ ಎಷ್ಟು ಬಂತು ಎಂದು ಗುರುತು ಹಾಕತೊಡಗಿದೆ.

ಹನ್ನೊಂದಕ್ಕೆ ಅವ್ವನ ಫೋನು ಬಂತು.

"ನಿಮ್ಮಪ್ಪ ರೊಟ್ಟಿ ಒಲ್ಲೆ ಅಂತಾರ. ಎಡಗೈದು ಐದೂ ಬಟ್ಟು ತೋರಸ್ತಾರ, ಗಡಿಯಾರದ ಕಡೆ ನೋಡ್ತಾರ."

"ಐದಕ್ಕ ಗುಳಿಗಿ ಐತಲ್ಲವಾ, ಅದನ್ನ ನೆನಸ್ತಿರಬೇಕು."

"ಗುಳಿಗಿ ಅಂದ್ರ ಮಾರಿ ತಿರುವೋ ಮನಶಾ, ತಾನs ಕೇಳ್ತಾನೇನ?"

"ಹಂಗಾರ ಐದಕ್ಕ ಬಾ ಅಂತಾರ. ಏಳಕ್ಕ ಬರ್ತೇನಿ ಅಂತ ಹೇಳು."

ಹನ್ನೆರಡಕ್ಕೆ ಹಾವೇರಿಯಲ್ಲಿ ಕರೆಂಟು ಹೋಯಿತು. ಸಲ್ಮಾಳ ಬ್ಯಾಟರಿ ಹಿಂದಿನ ವಾರವೇ ಸತ್ತಿತ್ತು. ಒಂದು ತಾಸು ಎಂದು ಹೇಳಿ ಹೋದ ಕರೆಂಟು ಒಂದೂವರೆ ತಾಸಿಗೆ ಬಂತು. ಆ ಹೊತ್ತಿನ ಗುರುತುಗಳೆಲ್ಲ ಹಾಳೆಯ ಮೇಲೆ ಒಂದೇ ಮಟ್ಟದಲ್ಲಿ ಸಾಲಾಗಿ ಕುಳಿತವು. ನಿಂತಲ್ಲಿಂದಲೇ ಇಳಿಯುವುದು ಮುಂದುವರಿದಾಗ ಕೈಸರ ನನಗೆ ಚಹಾ ತರಿಸಿದ. ಅದನ್ನು ಕುಡಿಯುತ್ತಲೇ ಹಾಳೆಗೆ ಮುಂದಿನ ಗುರುತು ಹಾಕಿದೆ.

ಮೂರೂವರೆಗೆ ನಮ್ಮ ಮೊದಲ ಭಾಗ ಮುಗಿಯಿತು. ಲೆಕ್ಕ ಹಾಕಿದೆ. ಹಾವೇರಿಯದು ಐದು ಐವತ್ತೇಳಕ್ಕೆ ಮುಗಿಯಬೇಕು. ಗಡುವಿಗೆ ಮೂವತ್ತಮೂರು ನಿಮಿಷ ಮೊದಲು.

"ನನ್ನ ಲೈನು ಖಾಲಿ ಐತಿ. ಎರಡನೇದನ್ನೂ ಎಳೀಲೇನು?" ಎಂದು ಕೈಸರ ಕೇಳಿದ.

"ಬ್ಯಾಡ. ಒಂದs ಖಾತೆಯಿಂದ ಒಂದs ಫೈಲು ಎರಡು ಕಡೆ ಎಳದ್ರ ಅವರು ಬಂದ್ ಮಾಡಿಗೀಡ್ಯಾರು. ಟೈಮ್ ಐತಿ," ಎಂದೆ.

ನನ್ನ ಲೆಕ್ಕದ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು.

ನಾಲ್ಕು ಮೂವತ್ತೆಂಟಕ್ಕೆ ಅವ್ವ ಮತ್ತೆ ಫೋನು ಮಾಡಿದಳು. ಅವಳ ದನಿ ಸಣ್ಣದಾಗಿತ್ತು.

"ಜ್ಯೋತಿ, ಜ್ವಾಳಾ ಹಸನ ಮಾಡಾಕ ಚಾಪಿ ಮ್ಯಾಲ ಹರವಿದ್ನಿ. ಒಳಗ ನೀರು ತರಾಕ ಹೋದೆ. ಬಂದು ನೋಡಿದ್ರ ಇವರು ಕುರ್ಚಿ ಬಿಟ್ಟು ನೆಲಕ್ಕ ಕುಂತಾರ."

"ಬಿದ್ದಾರೇನು?"

"ಬಿದ್ದಿಲ್ಲ. ತಾವs ಇಳದಾರ. ಜ್ವಾಳದಾಗ ಬಟ್ಟು ಆಡಿಸಿ ಏನೋ ಬರದಾರ. ನಾನು ಕೂಡಸಾಕ ಹೋದ್ರ ಕೈ ಹಿಡದು ಬಿಡವಲ್ರು. ಫೋನ್ ಕಡೆ ಬಟ್ಟು ಮಾಡ್ತಾರ."

"ಏನು ಬರದಾರ? ಓದು."

ಅವ್ವನಿಗೆ ಅಕ್ಷರ ಬಾರದು. ಬಸ್ಸಿನ ನಂಬರು, ಗಡಿಯಾರ ಗೊತ್ತಿತ್ತು. "ಒಂದು ಐದು. ಅದರ ಮುಂದ ಮೂರು. ಅದರ ಮುಂದ ಸೊನ್ನಿ."

ಐದು ಮೂವತ್ತು.

ಒಂಬತ್ತನೆಯ ಇಯತ್ತೆಯಲ್ಲಿ ಅಪ್ಪ ನನಗೂ ಪಾಠ ಮಾಡಿದ್ದರು. ರೇಖಾಂಶ, ಸ್ಥಳೀಯ ಸಮಯ. ಪುಸ್ತಕದಲ್ಲಿ ಇರದ ಮಾತು ಎಂದು ಹೇಳಿ ಕೊನೆಗೆ ಒಂದು ಸೇರಿಸುತ್ತಿದ್ದರು: ನಾವು ಗಡಿಯಾರಕ್ಕೆ ಕೈ ಹಚ್ಚುವುದಿಲ್ಲ, ಕೆಲವು ದೇಶದವರು ಬೇಸಿಗೆ ಹತ್ತಿರ ಬಂದ ಕೂಡಲೇ ಎಲ್ಲರೂ ಸೇರಿ ಒಂದು ತಾಸು ಮುಂದಿಡುತ್ತಾರೆ. ಮಕ್ಕಳು ನಗುತ್ತಿದ್ದರು. ಇಡೀ ದೇಶ ಒಂದೇ ದಿನ ಗಡಿಯಾರ ತಿರುವುವುದು ನಮಗೆ ಚೇಷ್ಟೆಯಂತೆ ಕಾಣುತ್ತಿತ್ತು. ನನ್ನ ಗೋಡೆಯ ಪಟ್ಟಿ ಡಿಸೆಂಬರಿನದು. ಈಗ ಮಾರ್ಚ್.

"ಕೈಸರ, ಅಮೆರಿಕದಾಗ ಈಗ ಎಷ್ಟು ಗಂಟೆ ಆಗೇತಿ, ನೋಡು."

ಅವನು ಹುಡುಕಿ ಪರದೆಯನ್ನು ನನ್ನತ್ತ ತಿರುಗಿಸಿದ. ಅಲ್ಲಿ ಬೆಳಿಗ್ಗೆ ಏಳು ಹತ್ತು. ನಮ್ಮಲ್ಲಿ ನಾಲ್ಕು ನಲವತ್ತು. ವ್ಯತ್ಯಾಸ ಒಂಬತ್ತೂವರೆ. ಹಿಂದಿನ ಭಾನುವಾರವಷ್ಟೇ ಅವರು ಗಡಿಯಾರ ಮುಂದಿಟ್ಟಿದ್ದರು.

ಅಂಗಡಿ ಮುಚ್ಚಲು ಐವತ್ತು ನಿಮಿಷ. ಹಾವೇರಿಯಲ್ಲಿ ಉಳಿದದ್ದು ನೂರ ಇಪ್ಪತ್ತೆಂಟು ಎಂಬಿ. ಐವತ್ತು ನಿಮಿಷಕ್ಕೆ ಎಂಬತ್ತಮೂರು ಬರುತ್ತದೆ.

ಕೈಸರ ಕೂಡಲೇ ಸಲ್ಮಾಳಿಗೆ ಫೋನು ಹಚ್ಚಿ, "ನೀ ಐದುನೂರಾ ಐವತ್ತಾರಕ್ಕ ಬಂದ್ರೂ ನಿಲ್ಲಸಬ್ಯಾಡ, ಎಳಕೋತ ಇರು. ನಾ ಬಾಲದ ಕಡಿಂದ ಹಿಡೀತೇನಿ," ಎಂದ.

"ಬಾಲ ಹ್ಯಾಂಗ ಹಿಡೀತೀಯೊ? ಮೊದಲಿಂದs ಕೊಡ್ತೈತಿ ಅದು," ಎಂದಳು ಸಲ್ಮಾ.

"ಸುಳ್ಳು ಹೇಳ್ತೇನಿ ಅದಕ್ಕ."

ಅವನು ಐದುನೂರ ಐವತ್ತಾರು ಎಂಬಿಯ ಪೊಳ್ಳು ಫೈಲೊಂದನ್ನು ತಯಾರಿಸಿದ. ಒಳಗೆ ಸೊನ್ನೆಗಳ ಹೊರತು ಏನೂ ಇಲ್ಲ. ಅದಕ್ಕೆ ಎರಡನೆಯ ಭಾಗದ ಹೆಸರಿಟ್ಟು, ಅರ್ಧಕ್ಕೆ ನಿಂತಿದೆ, ಮುಂದಿನದು ಕೊಡು ಎಂದು ಕೇಳಿದ. ದೂರದ ಕಂಪ್ಯೂಟರು ನಂಬಿತು. ನಾಲ್ಕು ನಲವತ್ತಾರಕ್ಕೆ ಕೊನೆಯ ಅರವತ್ತನಾಲ್ಕು ಎಂಬಿ ರಾಣೆಬೆನ್ನೂರಿನಲ್ಲಿ ಇಳಿಯತೊಡಗಿತು.

ಅಂಗಡಿಯಲ್ಲಿ ಪರೀಕ್ಷೆಯ ಅರ್ಜಿ ತುಂಬಲು ಬಂದಿದ್ದ ಇಬ್ಬರನ್ನು ಕೈಸರ ಎಬ್ಬಿಸಿದ. "ಒಂದು ತಾಸು ಬಿಟ್ಟು ಬರ್ರಿ. ಲೈನ್ ಹಂಚಾಕ ಆಗೂದಿಲ್ಲ ಈಗ." ಅವರು ಗೊಣಗುತ್ತ ಹೋದರು.

ಐದು ಹದಿನೆಂಟಕ್ಕೆ ಸಲ್ಮಾ ಫೋನು ಮಾಡಿ ತನ್ನದು ಐದುನೂರ ಐವತ್ತಾರು ದಾಟಿತೆಂದು ಹೇಳಿದಳು. ನಮ್ಮದು ಐವತ್ತನಾಲ್ಕರಲ್ಲಿತ್ತು; ಹತ್ತು ಬಾಕಿ. ಐದು ಇಪ್ಪತ್ತಕ್ಕೆ ನಮ್ಮ ಲೈನು ಕಡಿಯಿತು. ಮೋಡೆಮ್ಮಿನ ಹಸಿರು ದೀಪ ಕೆಂಪಾಯಿತು. ಕೈಸರ ತಂತಿ ಬಿಚ್ಚಿದ, ಹತ್ತು ಎಣಿಸಿದ, ಚುಚ್ಚಿದ. ನಾನು ಗೋಡೆ ಗಡಿಯಾರದ ಮುಳ್ಳು ನೋಡುತ್ತಿದ್ದೆ. ಮೂರು ನಿಮಿಷಕ್ಕೆ ಹಸಿರು ಬಂತು.

"ಹಾವೇರಿದು ನಡದೈತಲ್ಲ, ಆಕಿ ಮುಂದ ಹೋಗಾಕತ್ತಾಳ," ಎಂದ ಅವನು, ನನಗೋ ತನಗೋ. "ನಾವು ಹಿಂದ ಬಿದ್ರೂ ಆಕಿ ಬಂದು ಮುಟ್ಟಬೇಕು."

ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಆಕೆ ಮುಂದಿನಿಂದ ಬರುತ್ತಿದ್ದಳು, ನಮಗೆ ಕೊರತೆ ಇದ್ದದ್ದು ತುದಿಯಲ್ಲಿ. ಇಬ್ಬರಿಗೂ ಅದು ಗೊತ್ತಿತ್ತು. ಐದು ಇಪ್ಪತ್ತಾರಕ್ಕೆ ಎರಡು ಎಂಬಿ ಬಾಕಿ ಇತ್ತು. ಇಪ್ಪತ್ತೇಳಕ್ಕೆ ಅರ್ಧ. ಆಮೇಲೆ ಮುಗಿಯಿತೆಂಬ ಸಣ್ಣ ಪೆಟ್ಟಿಗೆ ಪರದೆಯ ಮೂಲೆಯಲ್ಲಿ ಕಾಣಿಸಿಕೊಂಡಿತು. ಐದು ಮೂವತ್ತೊಂದಕ್ಕೆ ಅಂಗಡಿಯ ಪುಟವನ್ನು ಮತ್ತೆ ತೆರೆದೆ. ಪುಟ ಸಿಗುವುದಿಲ್ಲ ಎಂದಿತು.

ಸಲ್ಮಾ ತನ್ನ ಪಾಲನ್ನು ಪೆನ್‌ಡ್ರೈವಿಗೆ ಹಾಕಿ, ಲಕೋಟೆಯಲ್ಲಿಟ್ಟು, ನನ್ನ ಹೆಸರು ಬರೆದು, ರಾಣೆಬೆನ್ನೂರಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಳು. ಔಷಧಿ, ಕೋರ್ಟಿನ ಕಾಗದ, ಹೊಲಿದ ಕುಪ್ಪಸ, ನಮ್ಮಲ್ಲಿ ಎಲ್ಲವೂ ಹಾಗೆಯೇ ಹೋಗುತ್ತವೆ. ನಾನು ಕೈಸರನ ಕಂಪ್ಯೂಟರಿನಲ್ಲಿದ್ದ ಮೊದಲ ಭಾಗವನ್ನೂ ಬಾಲವನ್ನೂ ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಂಡು ಎದುರು ದಿಕ್ಕಿನ ಬಸ್ಸಿನಲ್ಲಿ ಬಂದು ಮೋಟೆಬೆನ್ನೂರಿನಲ್ಲಿ ಇಳಿದು ಹೆದ್ದಾರಿಯ ಪಕ್ಕ ಕಾದೆ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಡಕ್ಟರ ಬಾಗಿಲಿನಿಂದ ಬಾಗಿ, "ಜ್ಯೋತಿಲಕ್ಷ್ಮಿ ಯಾರ್ರಿ? ಭಾರ ಇಲ್ಲ, ಏನೈತಿ ಇದರಾಗ?" ಎಂದ.

"ಆಟರಿ," ಎಂದೆ.

"ಆಟಕ್ಕ ಇಷ್ಟು ಓಡಾಟೇನು?" ಎಂದು ಸೀಟಿ ಊದಿದ.

ಮನೆ ಮುಟ್ಟಿದಾಗ ಏಳು ಐದು. ಅಪ್ಪ ಕುರ್ಚಿಯಲ್ಲಿದ್ದರು. ದೀಪ ಹಚ್ಚುವ ಮೊದಲು ಕಸ ಹೊಡೆಯುವುದನ್ನು ಅವ್ವ ಒಂದು ದಿನವೂ ಬಿಟ್ಟವಳಲ್ಲ. ಅಂದು ಜೋಳದ ಚಾಪೆಯನ್ನು ಹಾಗೆಯೇ ಬಿಟ್ಟು ಸುತ್ತ ಗುಡಿಸಿದ್ದಳು.

"ಅಪ್ಪಾ, ನನ್ನ ಲೆಕ್ಕ ತಪ್ಪಿತ್ತು," ಎಂದೆ.

ಅವರು ಎಡಗೈ ಎತ್ತಿ, ಪಟ್ಟಿಯಿಂದ ಬೆರಳಿಗೆ ಹೊಡೆಯುವ ಸನ್ನೆ ಮಾಡಿದರು. ಅವ್ವ ನಕ್ಕಳು. ನಾನು ಸಲ್ಮಾಳ ತುಂಡಿನಲ್ಲಿ ಹೆಚ್ಚಿಗೆ ಬಂದದ್ದನ್ನು ಕತ್ತರಿಸಿ, ಅದಕ್ಕೆ ಕೈಸರನ ಬಾಲ ಜೋಡಿಸಿ ಗಾತ್ರ ನೋಡಿದೆ. ಒಂದು ಬೈಟೂ ಹೆಚ್ಚುಕಡಿಮೆ ಇರಲಿಲ್ಲ. ಆಟ ಡಿಸ್ಕಿಗೆ ಇಳಿಯಲು ಇಪ್ಪತ್ತು ನಿಮಿಷ ಬೇಕಿತ್ತು. ಆ ಹೊತ್ತಿನಲ್ಲಿ ಚಾಪೆಯ ಬಳಿ ಕುಳಿತೆ.

"ಯಾವ ಕೈಲೆ ಬರದ್ರವಾ?"

"ಬಲಗೈಲೆ. ಎಡಗೈ ಊರಿಕೊಂಡಿದ್ರು. ಎಡಗೈಲೆ ಬರದಾರೇನು ಅವರು?"

ಐದು ಓರೆಯಾಗಿತ್ತು. ಮೂರರ ಕೆಳಗಿನ ಹೊಟ್ಟೆಯಲ್ಲಿ ಬೆರಳು ಎರಡು ಕಡೆ ಜಾರಿ ಕಾಳುಗಳು ಚದುರಿದ್ದವು. ಸೊನ್ನೆ ಮಾತ್ರ ಬೇರೆಯಾಗಿತ್ತು. ಸೊನ್ನೆ ಬರೆಯಲು ಮಣಿಕಟ್ಟು ಒಳಗೂ ಹೊರಗೂ ತಿರುಗಬೇಕು. ಮೌಸು ಹಿಡಿದ ಮೂರು ತಿಂಗಳಲ್ಲಿ ಅವರದು ಒಳಗಷ್ಟೇ ತಿರುಗುತ್ತಿತ್ತು. ಆ ಗೆರೆ ಶುರುವಾದಲ್ಲಿಗೇ ಬಂದು ಸೇರಿತ್ತು. ಸ್ಟೀಲಿನ ಸ್ಕೇಲು ತಂದು, ಕಾಳು ಅಲುಗದಂತೆ ಮೇಲೆ ಹಿಡಿದು, ಮೂರು ಸಲ ಅಳೆದು ನಿಮಿಷಗಳ ಪುಸ್ತಕದಲ್ಲಿ ಆ ದಿನದ ಮುಂದೆ ಬರೆದೆ: ಮುಚ್ಚಿದ ಸೊನ್ನೆ, ಬಲಗೈ, ಅಡ್ಡಳತೆ 11.4 ಸೆಂಟಿಮೀಟರ್.