ಮೂರನೇ ದಾಸಿಯ ಕೆಮ್ಮು

ನನ್ನಮ್ಮನಿಗೆ ಕೆಮ್ಮುವುದನ್ನು ಕಲಿಸಿದವಳು ನಾನೇ. ಮೊದಲ ಸಲ ಅವಳು ಕೆಮ್ಮಿದ್ದು ಗಂಟಲಲ್ಲಿ ನೊಣ ಸಿಕ್ಕಿಕೊಂಡವರ ಹಾಗಿತ್ತು. "ಹಾಗಲ್ಲಮ್ಮ, ಎದೆಯೊಳಗಿಂದ ಬರ್ಬೇಕು" ಅಂದೆ. "ನಂಗೇ ಹೇಳಿಕೊಡ್ತೀಯೇನೆ ಗೂಬೆ? ನಾಟಕ ಮಾಡಿದವಳು ಕಣೇ ನಾನು" ಅಂದಳು. ಅವಳು ಮಾಡಿದ್ದು ಶಾಲೆಯಲ್ಲಿ ಒಂದೇ ಒಂದು ನಾಟಕ, ಅದರಲ್ಲಿ ಮೂರನೇ ದಾಸಿ. "ಅಪ್ಪಣೆ ಮಹಾರಾಣಿ" ಅನ್ನುವುದಷ್ಟೇ ಮಾತು. ಆ ಒಂದು ಮಾತಿನ ಮೇಲೆ ಐವತ್ತು ವರ್ಷ ಜಂಬ ಕೊಚ್ಚಿಕೊಂಡು ಬಂದಿದ್ದಳು.

ಕೆಮ್ಮು ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ. ನನ್ನದು ಬೇರೆಯವರ ಅಡುಗೆಮನೆಗಳಿಗೆ ನಕ್ಷೆ ಬರೆಯುವ ಕೆಲಸ. ಸಿಂಕ್ ಎಲ್ಲಿ, ಒಲೆ ಎಲ್ಲಿ, ಚಮಚದ ಡ್ರಾಯರ್ ಎಷ್ಟು ಅಗಲ, ಇಡೀ ದಿನ ಕಂಪ್ಯೂಟರಿನಲ್ಲಿ ಇದೇ. ಮನೆಯಲ್ಲಿ ಕಾಯಿಲೆಯವರಿದ್ದರೆ ಮಾತ್ರ ಆಫೀಸಿಗೆ ಬರದೆ ಕೆಲಸ ಮಾಡಬಹುದು ಅಂತ ನಮ್ಮ ಕಂಪನಿಯ ನಿಯಮ. ಅಮ್ಮನಿಗೆ ಹುಷಾರಿಲ್ಲ, ಜೊತೆಗೆ ನಾನೇ ಇರಬೇಕು ಅಂತ ಬರೆದುಕೊಟ್ಟೆ. ಬರೆದುಕೊಟ್ಟವಳು ಚೀಲ ಕಟ್ಟಿಕೊಂಡು ಹೋದದ್ದು ಮಾತ್ರ ಸಮುದ್ರದ ದಡದ ಒಂದು ಊರಿಗೆ. ಅಮ್ಮ ಒಂಬತ್ತು ಗಂಟೆ ಬಸ್ಸಿನ ದೂರದಲ್ಲಿ, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ, ಹೊಲಿಗೆ ಮಿಷನ್ ತುಳಿಯುತ್ತಾ ಇದ್ದಳು.

ಅದಕ್ಕೂ ಮೊದಲು ನಾಲ್ಕು ದಿನದ ರಜೆಗೆ ಅಲ್ಲಿಗೆ ಹೋಗಿದ್ದೆ. ಹಲಗೆಯ ಮೇಲೆ ನಿಂತು ಅಲೆ ಏರುವವರನ್ನು ನೋಡಿ ತಲೆ ಕೆಟ್ಟುಹೋಗಿತ್ತು. ಮೂವತ್ತೆಂಟು ವರ್ಷಕ್ಕೆ ಈ ಹುಚ್ಚು ಹಿಡಿದರೆ ಬೇರೆ ಅಮ್ಮಂದಿರು ಬೈಯುತ್ತಾರೆ. ನನ್ನಮ್ಮ, "ಹೋಗು, ಅಲ್ಲಿ ಮುಳುಗಿ ಸತ್ತೀಯಾ, ಆಮೇಲೆ ನಿನ್ನ ಸುಮ್ನೆ ಬಿಡಲ್ಲ" ಅಂದಳು. ಅದೇ ಅವಳ ಒಪ್ಪಿಗೆ.

ನನ್ನ ಕೋಣೆ ಹಲಗೆ ರಿಪೇರಿ ಅಂಗಡಿಯ ಮೇಲಿತ್ತು. ಅಂಗಡಿಯವನು ಸದಾ ಹಲಗೆಗಳಿಗೆ ಮೇಣ ತಿಕ್ಕುತ್ತಿದ್ದ, ಹಾಗಾಗಿ ಊರಿಗೆಲ್ಲ ಮೇಣದಣ್ಣ. ಅಲೆ ಚೆನ್ನಾಗಿದ್ದರೆ ಕೋಲಿನಿಂದ ಸೂರಿಗೆ ಎರಡು ಸಲ ಕುಟ್ಟುತ್ತಿದ್ದ. ನನ್ನ ಕಾಲಡಿಯಲ್ಲಿ ಟಕ್ ಟಕ್. ಅಲೆ ಸಪ್ಪೆಯಾಗಿದ್ದರೆ ಸದ್ದಿಲ್ಲ, ಡ್ರಾಯರುಗಳ ನಕ್ಷೆ ಬರೆಯುತ್ತಾ ಕೂರುತ್ತಿದ್ದೆ. ಮೀಟಿಂಗ್ ಇದ್ದಾಗ ಕಿಟಕಿ ಭದ್ರ ಮಾಡಿ, ಬೆನ್ನ ಹಿಂದೆ ಅಮ್ಮನ ಹಳೇ ಹೂವಿನ ಪರದೆ ಇಳಿಬಿಡುತ್ತಿದ್ದೆ.

ಸೋಮವಾರ ಹತ್ತು ಗಂಟೆಗೆ ಮ್ಯಾನೇಜರ್ ಮೇಡಂ ಎಲ್ಲರನ್ನೂ ಮಾತಾಡಿಸುತ್ತಿದ್ದರು. "ಆಫೀಸಿಗೆ ಯಾವಾಗ ಬರ್ತೀರಿ?" ಅಂತ ಅವರು ಕೇಳುವ ಹೊತ್ತಿಗೆ ಅಮ್ಮ ನನ್ನ ಇನ್ನೊಂದು ಫೋನಿನಲ್ಲಿ ತಯಾರಾಗಿರುತ್ತಿದ್ದಳು. ಸ್ಪೀಕರ್ ಹಾಕಿ ಕಂಪ್ಯೂಟರಿನ ಪಕ್ಕದಲ್ಲಿಡುತ್ತಿದ್ದೆ. ಮೊದಲು ಮೂರು ಕೆಮ್ಮು. ಆಮೇಲೆ ಜೀವವೇ ಹೋಗುವಂಥ ದನಿಯಲ್ಲಿ, "ಮಗಳೇ, ಸ್ವಲ್ಪ ಬಿಸಿನೀರು..." ನಾನು ತಿರುಗಿ, "ಬಂದೆ ಅಮ್ಮ, ಎರಡು ನಿಮಿಷ" ಅನ್ನಬೇಕು. ಮೇಡಂ ಕರಗಿ ನೀರಾಗಿಬಿಡುತ್ತಿದ್ದರು.

ಜನ್ಮದಲ್ಲಿ ಅಮ್ಮ ನನ್ನನ್ನು ಮಗಳೇ ಅಂತ ಕರೆದವಳಲ್ಲ. ಗೂಬೆ, ಕೋತಿ, ಬಹಳ ಪ್ರೀತಿ ಉಕ್ಕಿದರೆ ಕತ್ತೆ. ಮಗಳೇ ಅನ್ನುವುದು ನಾಟಕಕ್ಕೆ ಮಾತ್ರ. ಮೀಟಿಂಗ್ ಮುಗಿದ ಮೇಲೆ ಫೋನ್ ಮಾಡಿ, "ಹೇಗಿತ್ತೇ ಗೂಬೆ ಇವತ್ತು?" ಅಂತ ಕೇಳುತ್ತಿದ್ದಳು. ಚಪ್ಪಾಳೆ ತಟ್ಟುವವರೆಗೆ ಫೋನ್ ಇಡುತ್ತಿರಲಿಲ್ಲ. ಎಂಟು ತಿಂಗಳು ಹೀಗೆ ನಗುನಗುತ್ತಾ ಕಳೆದವು.

ಆ ಸೋಮವಾರ ಮೇಡಂ ಗಂಟು ಮುಖ ಹಾಕಿಕೊಂಡಿದ್ದರು. ಮುಂದಿನ ವಾರದಿಂದ ಎಲ್ಲರೂ ಬರಲೇಬೇಕು, ಯಾರ ನೆಪವೂ ನಡೆಯುವುದಿಲ್ಲ ಅಂದರು. ನಾನು ಫೋನಿನ ಕಡೆ ನೋಡಿದೆ. ಕೆಮ್ಮಿಲ್ಲ. ಮಾತು ಮರೆತಳೇನೋ ಅಂದುಕೊಂಡೆ. ಆಮೇಲೆ ಒಂದು ಉದ್ದನೆಯ ಉಸಿರು. "ಎದೆ ಯಾಕೋ ಹಿಡ್ಕೊಂಡಿದೆ ಕಣೇ... ಗೂಬೆ... ಬಾರೇ."

ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ಗೂಬೆ ಅಂದದ್ದು ಮೇಡಂಗೆ ಕೇಳಿಸಿಬಿಟ್ಟಿತಲ್ಲ, ಮಾನ ಹೋಯಿತಲ್ಲ ಅಂತ. ಎರಡನೆಯದು, ಇವತ್ತು ಮುದುಕಿ ಹೊಸ ಮಾತು ಸೇರಿಸಿದ್ದಾಳೆ, ಭಲೇ ಅಂತ. "ಬಂದೆ ಅಮ್ಮ, ಎರಡು ನಿಮಿಷ" ಅಂದು ಫೋನ್ ಕಟ್ ಮಾಡಿದೆ. ಮೇಡಂ ಮುಖ ಪೆಚ್ಚಾಗಿತ್ತು. "ಅಯ್ಯೋ, ಹೋಗಿ ಹೋಗಿ, ಅಮ್ಮನ್ನ ನೋಡ್ಕೊಳ್ಳಿ. ಆಫೀಸಿನ ವಿಷ್ಯ ಆಮೇಲೆ" ಅಂದರು. ಗೆದ್ದೆ ಅಂದುಕೊಂಡೆ.

ಅಮ್ಮನಿಗೆ ಚಪ್ಪಾಳೆಯ ಚಿತ್ರ ಕಳಿಸುತ್ತಿರುವಾಗಲೇ ಕಾಲಡಿಯಲ್ಲಿ ಟಕ್ ಟಕ್. ಎರಡೂ ಫೋನ್ ಮೇಜಿನ ಮೇಲೆ ಬಿಟ್ಟು ಮೆಟ್ಟಿಲಿಳಿದು ಓಡಿದೆ. ಆವತ್ತೇ, ಎಂಟು ತಿಂಗಳಲ್ಲಿ ಮೊದಲ ಸಲ, ಒಂದು ಅಲೆಯನ್ನು ಹಿಡಿದು ಬೀಳದೆ ದಡದವರೆಗೆ ಬಂದೆ. ಮರಳಿನ ಮೇಲೆ ಕುಕ್ಕರಿಸಿ ಒಬ್ಬಳೇ ನಕ್ಕೆ. ಅಮ್ಮನಿಗೆ ಇದನ್ನು ಎಷ್ಟು ಬಣ್ಣ ಕಟ್ಟಿ ಹೇಳಬೇಕು ಅಂತ ಲೆಕ್ಕ ಹಾಕುತ್ತಾ ಮೇಲೆ ಬಂದೆ.

ಹನ್ನೊಂದು ಮಿಸ್ಡ್ ಕಾಲ್. ಎಲ್ಲವೂ ಎದುರುಮನೆ ಆಂಟಿಯದು. ಚಪ್ಪಾಳೆಯನ್ನು ಅಮ್ಮ ನೋಡಿಯೇ ಇರಲಿಲ್ಲ.

ಆಂಟಿ ಹೊಲಿಯಲು ಕೊಟ್ಟ ಬ್ಲೌಸ್ ಕೇಳಲು ಹೋಗಿದ್ದರಂತೆ. ಬಾಗಿಲು ತೆರೆದೇ ಇತ್ತಂತೆ. ಅಮ್ಮ ಮಿಷನ್ ಮುಂದಿನ ಸ್ಟೂಲಿನಲ್ಲಿ ಎದೆ ಒತ್ತಿಕೊಂಡು ಕೂತಿದ್ದಳಂತೆ, ಮೈಯೆಲ್ಲ ಬೆವರು.

"ಗಾಡಿ ತರಿಸ್ತೀನಿ, ಆಸ್ಪತ್ರೆಗೆ ಹೋಗೋಣ ಅಂದೆ ಕಣಮ್ಮ. ಬೇಡ, ಮಗಳು ಬರ್ತಿದಾಳೆ ಅಂದ್ರು. ಎರಡು ನಿಮಿಷ ಅಂದಿದಾಳೆ, ಬಾಗ್ಲು ತೆಗೆದಿಟ್ಟಿದೀನಿ ಅಂದ್ರು. ನೀನು ಊರಿಗೆ ಬಂದಿರ್ಬೇಕು, ಇಲ್ಲೇ ಅಂಗಡಿಗೆ ಹೋಗಿದೀಯೇನೋ ಅಂದ್ಕೊಂಡು ನಾನೂ ಕಾಯ್ತಾ ಕೂತೆ. ಅವರು ಬಾಗ್ಲನ್ನೇ ನೋಡ್ತಿದ್ರು. ಆಮೇಲೆ ವಾಲಿಬಿಟ್ರು. ಎಲ್ಲಿದ್ದೆಯೇ ನೀನು?"

ನಾನು ಎಲ್ಲಿದ್ದೇನೆ ಅಂತ ಅಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ನೋವಿನಲ್ಲಿ ಅವಳಿಗೆ ದೂರ, ನಾಟಕ, ಯಾವುದೂ ನೆನಪಾಗಿರಲಿಕ್ಕಿಲ್ಲ. ಮಗಳು ಬರುತ್ತೇನೆ ಅಂದಳು, ಬರುತ್ತಾಳೆ. ಅಷ್ಟೇ. ನಾನು ಬರೀ ಸುಳ್ಳು ಹೇಳಿದ್ದರೆ ಹಾಳಾಗಿ ಹೋಗಲಿ. ಆ ಸುಳ್ಳು ಕೈಗೆ ಸಿಕ್ಕಿದ್ದ ಗಾಡಿಯನ್ನೂ ತಡೆದು ನಿಲ್ಲಿಸಿತಲ್ಲ, ಇದನ್ನು ಯಾರ ಹತ್ತಿರ ಹೇಳಿಕೊಂಡು ಅಳಲಿ?

ಈಗ ನಾನು ಅಮ್ಮನ ಮನೆಯಲ್ಲಿದ್ದೇನೆ. ಮೇಣದಣ್ಣ ನನ್ನ ಚೀಲಗಳನ್ನೂ ಪರದೆಯನ್ನೂ ಬಸ್ಸಿಗೆ ಹಾಕಿ ಕಳಿಸಿದ. ಪರದೆಯನ್ನು ಅದರ ಹಳೇ ಕಿಟಕಿಗೇ ಕಟ್ಟಿದ್ದೇನೆ. ಮಿಷನ್ನಿನ ಸೂಜಿಯಡಿಯಲ್ಲಿ ಆಂಟಿಯ ಬ್ಲೌಸಿನ ತೋಳು ಹಾಗೇ ಇದೆ, ತೆಗೆಯಲು ಕೈ ಬರುವುದಿಲ್ಲ.

ಈ ಸೋಮವಾರ ಮೀಟಿಂಗಿಗೆ ಕೂತೆ. ಎಲ್ಲರೂ ಒಂದು ನಿಮಿಷ ತಲೆ ತಗ್ಗಿಸಿದರು. ಆಮೇಲೆ ಮೇಡಂ ಕಣ್ಣೊರೆಸಿಕೊಂಡು ಮಾತಾಡಿದರು.

"ಆವತ್ತು ಅವರು ಕರೆದದ್ದು ನಂಗೂ ಕೇಳಿಸ್ತು. ಇನ್ನೂ ಕಿವೀಲೇ ಇದೆ. ಎಷ್ಟು ಅಕ್ಕರೆಯಿಂದ ಗೂಬೆ ಅಂದ್ರು ಅಲ್ವಾ? ಕರೆದ ತಕ್ಷಣ ನೀವು ಎದ್ದು ಹೋದ್ರಲ್ಲ, ಕೊನೆಗಾಲದಲ್ಲಿ ಪಕ್ಕದಲ್ಲೇ ಇದ್ರಲ್ಲ, ಅದೊಂದೇ ಸಮಾಧಾನ ಅಂದ್ಕೊಳ್ಳಿ."

ಬಾಗಿಲು ನನ್ನ ಎದುರಿಗೇ ಇತ್ತು. ಅಮ್ಮ ಕೂತಿದ್ದ ಸ್ಟೂಲಿನಲ್ಲೇ ನಾನು ಕೂತಿದ್ದೆ.

"ಹೌದು ಮೇಡಂ" ಅಂದೆ. "ಎರಡೇ ನಿಮಿಷದಲ್ಲಿ ಹೋದೆ."