ರಾಗಿಹಿಟ್ಟಿನ ಡಬ್ಬದ ಹಿಂದಿನ ನೂಡಲ್ಸು

ನಾನು ಒಂದು ನೂಡಲ್ಸ್ ಡಬ್ಬಿ. ಬ್ರಿಟನ್ನಿನವರು ಪಾಟ್ ನೂಡಲ್ ಎನ್ನುತ್ತಾರೆ. ಮುಚ್ಚಳ ಕಿತ್ತು, ಒಳಗಿನ ಗೆರೆಯವರೆಗೆ ಬಿಸಿನೀರು ಹುಯ್ದು, ಕಲಕಿ, ಡಬ್ಬಿಯಿಂದಲೇ ನೇರ ಬಾಯಿಗೆ. ಮೈಮೇಲೆ ‘ಕೋಳಿ ಮತ್ತು ಅಣಬೆ’ ಎಂದು ದೊಡ್ಡದಾಗಿ ಬರೆಸಿಕೊಂಡು, ಹೊಟ್ಟೆಯೊಳಗೆ ಕೋಳಿಯ ಒಂದು ಪುಕ್ಕವನ್ನೂ ಇಟ್ಟುಕೊಳ್ಳದವನು ನಾನು. ಇಂಥವನ ಮಾತು ನಂಬುವುದು ಹೇಗೆ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ನಾನು ಅಂಬುಜಕ್ಕನ ಅಂಗೈ ಮೇಲೆ ಬಿದ್ದ ಮಧ್ಯಾಹ್ನದ ಈ ಕಥೆ ಪೂರ್ತಿ ನಿಜ. ಬೇರೆ ಏನನ್ನೂ ಬೆರೆಸುವ ಅಗತ್ಯವಿಲ್ಲ. ಉಪ್ಪು ನನ್ನಲ್ಲಿ ಮೊದಲೇ ಸಾಕಷ್ಟಿದೆ.

ನಾನು ಹುಟ್ಟಿದ್ದು ವೇಲ್ಸಿನ ಒಂದು ಕಾರ್ಖಾನೆಯಲ್ಲಿ. ಗೋಧಿಹಿಟ್ಟು ನಾದಿ, ಹಾಳೆಯಂತೆ ಲಟ್ಟಿಸಿ, ಎಳೆ ಎಳೆಯಾಗಿ ಸೀಳಿ, ಬೇಯಿಸಿ, ಗರಿಗರಿಯಾಗಿ ಒಣಗಿಸಿ ನನ್ನೊಳಗೆ ಕೂರಿಸಿದರು. ಮೇಲೆ ಒಣಗಿದ ಮುಸುಕಿನ ಜೋಳದ ಕಾಳು, ಅಣಬೆಯ ಚೂರು, ಒಂದು ಪುಟ್ಟ ಸಾಸ್ ಪೊಟ್ಟಣ, ಮತ್ತೆ ಆ ಪುಡಿ. ಆ ಪುಡಿ ಇದೆಯಲ್ಲ, ಅದು ಪಕ್ಕಾ ಮಿಮಿಕ್ರಿ ಕಲಾವಿದ. ಕೋಳಿ ವೇದಿಕೆಗೆ ಬರುವುದೇ ಇಲ್ಲ, ತೆರೆಯ ಹಿಂದಿನಿಂದ ಅದರ ದನಿ ಮಾತ್ರ ಕೇಳಿಸುತ್ತದೆ. ಮುಚ್ಚಳ ಅಂಟಿಸಿದ ಕೂಡಲೇ ನನಗೆ ರೋಮಾಂಚನ. ಇನ್ನೇನು, ಲೋಕ ನೋಡಲು ಹೊರಟೆ.

ಲೋಕ ನನ್ನನ್ನು ಹೇಗೆ ನೋಡುತ್ತದೆ ಎಂಬುದು ಲಾರಿಯಲ್ಲೇ ತಿಳಿಯಿತು. ಈ ದೇಶದಲ್ಲಿ ನನ್ನ ಹೆಸರು ಎತ್ತಿದರೆ ಸಾಕು, ಜನ ಮುಸಿಮುಸಿ ನಗುತ್ತಾರೆ. ಸೋಮಾರಿಯ ಊಟವಂತೆ, ಹಾಸ್ಟೆಲ್ ಹುಡುಗರ ಮೃಷ್ಟಾನ್ನವಂತೆ, ಒಲೆ ಹಚ್ಚಲು ಬಾರದವರ ಕೊನೆಯ ಗತಿಯಂತೆ. ಆದರೂ ಅಂಗಡಿಯ ಕಪಾಟಿನಲ್ಲಿ ನಮ್ಮ ಸಾಲು ಖಾಲಿಯಾಗುತ್ತಲೇ ಇರುತ್ತದೆ, ತುಂಬುತ್ತಲೇ ಇರುತ್ತದೆ. ತಿಂದೆವೆಂದು ಒಪ್ಪಿಕೊಳ್ಳುವವರು ಮಾತ್ರ ಸಿಗುವುದಿಲ್ಲ. ನಮ್ಮನ್ನು ತಿನ್ನುವವರು ಬೇರೆ ಯಾವುದೋ ಗ್ರಹದಿಂದ ಇಳಿದು ಬಂದು ಹೋಗುತ್ತಾರೋ ಏನೋ.

ಅಂಥ ಗ್ರಹದಿಂದ ಇಳಿದವರು ಅಂಬುಜಕ್ಕ. ವೇಲ್ಸಿನದೇ ಊರಾದ ನ್ಯೂಪೋರ್ಟಿನ ಅಂಗಡಿಯಲ್ಲಿ ನನ್ನ ಮುಂದೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಕನ್ನಡಕ ಏರಿಸಿ, ನನ್ನ ಬೆನ್ನ ಮೇಲಿನ ಸಣ್ಣ ಅಕ್ಷರಗಳನ್ನು ಪಂಚಾಂಗ ಓದಿದ ಹಾಗೆ ಓದಿದರು. ಸಸ್ಯಾಹಾರಿಗಳೂ ತಿನ್ನಬಹುದು ಎಂಬ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಖಚಿತಪಡಿಸಿಕೊಂಡರು. ಆಮೇಲೆ ನನ್ನನ್ನೂ ನನ್ನ ಪಕ್ಕದವನನ್ನೂ ಎತ್ತಿ, ಟ್ರಾಲಿಯಲ್ಲಿ ಕೋಸಿನ ಕೆಳಗೆ ಹುದುಗಿಸಿ, ಮನುಷ್ಯರು ಕೂರದ ಬಿಲ್ ಯಂತ್ರದ ಕಡೆಗೆ ಸರಸರ ನಡೆದರು.

ಅಂಬುಜಕ್ಕ ಯಾರೆಂದು ಹೇಳಬೇಕು. ಮೈಸೂರಿನವರು. ನ್ಯೂಪೋರ್ಟಿನ ಕನ್ನಡ ಕೂಟದ ಅಡುಗೆಮನೆಗೆ ಅವರೇ ಸರ್ವಾಧಿಕಾರಿ. ಪೊಟ್ಟಣದ ಸಾರಿನ ಪುಡಿ ಕಂಡರೂ ಮುಖ ಸಿಂಡರಿಸುವವರು. ಇನ್ನು ನನ್ನಂಥವನನ್ನು ಕುರಿತು ಕೂಟದ ಹೆಂಗಸರೆದುರು ಭಾಷಣವನ್ನೇ ಮಾಡಿದ್ದರು: “ಬಿಸಿನೀರು ಹುಯ್ದು ತಿನ್ನೋದು ಊಟ ಅಲ್ಲ ಕಣ್ರೇ, ಅದು ಹಸಿವಿಗೆ ಮಾಡೋ ಅವಮಾನ.” ಅಂಥವರು ನನ್ನನ್ನು ಮನೆಗೆ ತಂದು ಅಲಮಾರಿಯಲ್ಲಿ ರಾಗಿಹಿಟ್ಟಿನ ಡಬ್ಬದ ಹಿಂದೆ ಅಡಗಿಸಿಟ್ಟರು.

ಒಂದು ಮಧ್ಯಾಹ್ನ ನನ್ನ ಜೊತೆಗಾರನನ್ನು ಹೊರಗೆಳೆದರು. ಬಿಸಿನೀರು ಹುಯ್ದು, ಮೇಲೆ ಒಂದು ತಟ್ಟೆ ಮುಚ್ಚಿ, ಅನ್ನ ಅರಳುವುದನ್ನು ಕಾಯುವ ಹಾಗೆ ಕಾದರು. ಕೊನೆಗೆ ಒಂದು ಚಮಚ ತುಪ್ಪ ಬಿಟ್ಟು, ಕಿಟಕಿಯ ಬಳಿ ನಿಂತು, ಕಣ್ಣು ಅರೆ ಮುಚ್ಚಿ ತಿಂದರು. ತುಪ್ಪ ಹಾಕಿಸಿಕೊಂಡ ಪಾಟ್ ನೂಡಲ್ ಈ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು. ಆದರೆ ಖಾಲಿ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕುವಾಗ ಪಕ್ಕದ ಮನೆಯ ಮಾಲಿನಿ ನೋಡಿಬಿಟ್ಟರು. ಅಂಬುಜಕ್ಕ ತಡವರಿಸದೆ ಹೇಳಿದರು, “ಇವರದು. ಬಾಯಿ ಚಪಲ. ಎಷ್ಟು ಹೇಳಿದ್ರೂ ಕೇಳಲ್ಲ.”

ಇವರು ಎಂದರೆ ಗಂಡ ಸೇತುರಾಯರು. ಹಜಾರದಲ್ಲಿ ಪೇಪರು ಓದುತ್ತಿದ್ದ ರಾಯರಿಗೆ ಮಾತು ಕೇಳಿಸಿತು. ಪೇಪರು ತುಸು ಮೇಲೇರಿತು, ಅಷ್ಟೆ. ವರ್ಷಗಳಿಂದ ಆ ಮನೆಯ ಪದ್ಧತಿ ಅದೇ. ತಿನ್ನುವವರು ಒಬ್ಬರು, ಹೆಸರು ಕೆಡಿಸಿಕೊಳ್ಳುವವರು ಇನ್ನೊಬ್ಬರು.

ಆ ಮನೆಗೆ ಓದಲು ಬಂದು ಉಳಿದವನು ಅಂಬುಜಕ್ಕನ ಅಕ್ಕನ ಮಗ ಪ್ರಾಣೇಶ. ಕಾಲೇಜು ಮುಗಿಸಿ ಇನ್ನೊಂದು ಪದವಿಗೆ ಸೇರಿದ್ದ. ಅವನ ನಿಜವಾದ ವಿದ್ಯೆ ಅನುಕರಣೆ. ರೈಲು ನಿಲ್ದಾಣದ ಪ್ರಕಟಣೆಯಿಂದ ಹಿಡಿದು ಕೂಟದ ಅಧ್ಯಕ್ಷ ಹಲ್ಲಿನ ಡಾಕ್ಟರ್ ಹಾಲಪ್ಪನವರವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. “ಬಾಯಿ ತೆಗೀರಿ, ಸದಸ್ಯತ್ವದ ರೊಕ್ಕ ಕಟ್ಟೀರೇನ್ರಿ?” ಎಂದು ಅವನು ದಾವಣಗೆರೆಯ ಗತ್ತಿನಲ್ಲಿ ಕೇಳಿದರೆ ರಾಯರ ಪೇಪರು ಗಡಗಡ ನಡುಗುತ್ತಿತ್ತು. ಅಂಬುಜಕ್ಕ ಮಾತ್ರ “ದೊಡ್ಡೋರನ್ನ ಆಡ್ಕೋಬಾರದು” ಎಂದು ಗದರಿ, ಅಡುಗೆಮನೆಗೆ ಹೋಗಿ ನಗುತ್ತಿದ್ದರು. ನಾನು ನೋಡಿದ್ದೇನೆ.

ಕೂಟದಲ್ಲಿ ಒಂದು ಪದ್ಧತಿಯಿತ್ತು. ದಸರಾ ಊಟಕ್ಕೆ ಮುಂಚಿನ ಭಾನುವಾರ ಮನೆಮನೆಯವರೂ ಒಂದೊಂದು ಅಡುಗೆಯನ್ನು ಬಟ್ಟೆ ಮುಚ್ಚಿ ತಂದಿಡುವುದು. ಯಾವುದು ಯಾರದೆಂದು ಹೇಳುವಂತಿಲ್ಲ. ಅಂಬುಜಕ್ಕ ಒಂದೊಂದು ಚಮಚ ಅಂಗೈಗೆ ಹಾಕಿಸಿಕೊಂಡು, ಬಾಯಿಗಿಟ್ಟು, ಏನೇನು ಬಿದ್ದಿದೆ, ಯಾರ ಕೈಯದು ಎಂದು ಹೇಳುವುದು. ಯಾರು ಏನು ಮಾಡಿದರೆ ಊಟ ಸೊಗಸಾಗುತ್ತದೆ ಎಂದು ನಿರ್ಧಾರವಾಗುತ್ತಿದ್ದದ್ದು ಹೀಗೆ.

ಆ ವರ್ಷ ವಿಷಯ ಬಿಗಡಾಯಿಸಿತ್ತು. ಬೇಸಿಗೆಯಲ್ಲಿ ಅಂಬುಜಕ್ಕನಿಗೆ ಕೆಟ್ಟ ಜ್ವರ ಬಂದು ಹೋಗಿತ್ತು. ಅದಾದ ಮೇಲೆ ಅವರ ನಾಲಿಗೆ ಮೊದಲಿನಂತಿಲ್ಲ ಎಂದು ಗುಸುಗುಸು. ಹಾಲಪ್ಪನವರಿಗಂತೂ ಊಟವನ್ನು ಬರ್ಮಿಂಗ್‌ಹ್ಯಾಮಿನ ಕೇಟರಿಂಗ್‌ನವರಿಗೆ ವಹಿಸುವ ಹುಮ್ಮಸ್ಸು. ಸಮಿತಿ ಒಂದು ಮಾತಿಗೆ ಬಂತು: ಈ ಸಲ ಅಂಬುಜಕ್ಕ ಒಂದೇ ಒಂದು ಬಟ್ಟಲನ್ನು ಗುರುತು ಹಿಡಿಯಲು ತಪ್ಪಿದರೂ ಅಡುಗೆಮನೆ ಕೇಟರಿಂಗ್‌ನವರಿಗೆ. ವಾರವಿಡೀ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ. ಬಂದು ಬಂದು ಇಂಗು, ಮೆಂತ್ಯ, ಧನಿಯಗಳ ಡಬ್ಬ ತೆರೆದು ಮೂಸಿ ನೋಡುತ್ತಿದ್ದರು.

ಪ್ರಾಣೇಶ ರಾಗಿಹಿಟ್ಟು ಹುಡುಕಿಕೊಂಡು ಬಂದವನು ನನ್ನನ್ನು ಕಂಡ. ಅವನ ಕಣ್ಣು ಮಿನುಗಿದ್ದೇ ತಡ, ನನಗೆ ಗೊತ್ತಾಯಿತು, ನನ್ನ ಕಾಲ ಬಂತು. ‘ಚಿಕ್ಕಪ್ಪನ ಗುಟ್ಟು’ ಎಂದುಕೊಂಡ. ಊರೆಲ್ಲ ಹಾಗೆಯೇ ತಿಳಿದಿತ್ತಲ್ಲ. ಸಸ್ಯಾಹಾರದ ಸಾಲನ್ನು ಅವನೂ ಓದಿದ. ಚಿಕ್ಕಮ್ಮನ ಬಾಯಿಗೆ ಬೇಡದ್ದನ್ನು ಇಡುವಷ್ಟು ಕೆಟ್ಟವನಲ್ಲ. ಆಮೇಲೆ ಶುರುವಾಯಿತು ನನ್ನ ವೇಷ. ನನ್ನ ಎಳೆಗಳನ್ನು ನೆನೆಸಿ, ಜರಡಿಯಲ್ಲಿ ತೊಳೆದು, ಅಣಬೆಯನ್ನು ಆರಿಸಿ ತೆಗೆದು, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿ, ನಿಂಬೆಹಣ್ಣು ಹಿಂಡಿದ. ನೋಡಿದವರು ಒತ್ತುಶಾವಿಗೆಯ ಚಿತ್ರಾನ್ನ ಎನ್ನಬೇಕು, ಹಾಗೆ. ಚಿಕ್ಕಮ್ಮ ಬೇಸ್ತುಬಿದ್ದ ಮೇಲೆ ಎಲ್ಲರ ಮುಂದೆ ಎತ್ತಿ ತೋರಿಸಲೆಂದು ನನ್ನ ಖಾಲಿ ಮೈಯನ್ನು ಬಟ್ಟೆಚೀಲಕ್ಕೆ ಹಾಕಿಕೊಂಡ. ಸಮಿತಿಯ ಮಾತು ಅವನಿಗೂ ಗೊತ್ತಿತ್ತು. ತಮಾಷೆಯ ಬಟ್ಟಲು ಅದರ ಲೆಕ್ಕಕ್ಕೆ ಬರುವುದಿಲ್ಲ ಎಂದು ತನ್ನಷ್ಟಕ್ಕೆ ತಾನೇ ತೀರ್ಮಾನಿಸಿದ್ದ.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಮೇಜಿನ ಕೆಳಗಿನ ಚೀಲದಲ್ಲಿ ನಾನು. ನನಗೆ ಕಂಡದ್ದು ಅಂಬುಜಕ್ಕನ ಸೀರೆಯ ಅಂಚು ಮತ್ತು ಕಾಲಿನ ಹೆಬ್ಬೆರಳು. ಆ ಹೆಬ್ಬೆರಳು ನೆಲವನ್ನು ಒತ್ತಿ ಒತ್ತಿ ಹಿಡಿಯುತ್ತಿತ್ತು. ಆದರೆ ದನಿ ಗಟ್ಟಿ. “ಇದು ಮಾಲಿನಿ ಹುಳಿ. ತೊಗರಿಬೇಳೆ ಸಾಲದೆ ಹೆಸರುಬೇಳೆ ಸೇರಿಸಿದೀಯ.” “ಇದು ಹಾಲಪ್ಪನೋರ ಮನೇದು. ಶೇಂಗಾ ಚಟ್ನೀಗೆ ಬೆಲ್ಲ ಮರೆತಿದಾರೆ.” ಒಂದೊಂದಕ್ಕೂ ಚಪ್ಪಾಳೆ. ಅವರ ನಾಲಿಗೆ ನೆಟ್ಟಗಿತ್ತು.

ಕೊನೆಗೆ ಪ್ರಾಣೇಶನ ಬಟ್ಟಲು. ನನ್ನ ಎಳೆಗಳು ಅವರ ಅಂಗೈಗೆ ಬಿದ್ದವು. ಬಾಯಿಗಿಟ್ಟರು. ಒಮ್ಮೆ ಅಗಿದರು. ದವಡೆ ಅಲ್ಲೇ ನಿಂತಿತು.

ಸೀರೆಯ ಅಂಚು ಅಲುಗಲಿಲ್ಲ. ಅವರಿಗೆ ತಿಳಿದುಹೋಯಿತು ಎಂದು ನನಗೆ ತಿಳಿಯಿತು. ಹೆಸರು ಹೇಳಿದರೆ, ಇದರ ರುಚಿ ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ. ಹೇಳದಿದ್ದರೆ ಅಡುಗೆಮನೆ ಹೋಯಿತು.

“ಏನ್ರೀ ಅಂಬುಜಕ್ಕ, ಸುಮ್ಮಕಾದ್ರಲ್ಲ” ಎಂದರು ಹಾಲಪ್ಪ. “ಶಾವಿಗಿ ಅನ್ರಿ, ಮುಗೀತು.”

“ಶಾವಿಗೆ ಅಲ್ಲ” ಎಂದರು ಅಂಬುಜಕ್ಕ.

“ಮತ್ತೇನೈತಿ ಹೇಳ್ರಲ್ಲ. ಗೊತ್ತಾಗ್ಲಿಲ್ಲ ಅಂದ್ರೆ ಅದಕ್ಕೇನು ನಾಚ್ಕಿ, ವಯಸ್ಸು ಯಾರನ್ನ ಬಿಟ್ಟೈತಿ. ನಾಳೆ ಕೇಟರಿಂಗ್‌ನೋರಿಗೆ ಫೋನ್ ಹಚ್ತೀನಿ.”

ಪ್ರಾಣೇಶನ ಕಾಲುಗಳು ನನ್ನ ಪಕ್ಕದಲ್ಲೇ ಇದ್ದವು. ಅಷ್ಟು ಹೊತ್ತು ಕುಣಿಯುತ್ತಿದ್ದ ಅವು ಒಮ್ಮೆಲೇ ನಿಂತವು. ಚೀಲಕ್ಕೆ ಕೈ ಹಾಕಿ ನನ್ನನ್ನು ಮೇಲೆತ್ತಿದ. “ಇದು ಲೆಕ್ಕಕ್ಕಿಲ್ಲ ಸಾರ್. ನಾನು ತಮಾಷೆಗೆ ಮಾಡಿದ್ದು. ಇದು ಪಾಟ್ ನೂಡಲ್.”

ಸಭೆಯ ಕಣ್ಣೆಲ್ಲ ನನ್ನ ಮೇಲೆ. ಜೀವಮಾನದಲ್ಲಿ ಮೊದಲ ಸಲ ವೇದಿಕೆ ಏರಿದ್ದೆ, ಆದರೆ ಓದಿದವರು ಓದಿದ್ದು ಒಂದೇ ಪದ.

“ಕೋಳಿದು” ಎಂದರು ಮಾಲಿನಿ, ಎದೆಯ ಮೇಲೆ ಕೈಯಿಟ್ಟು. “ಎಲ್ಲಿ ಸಿಕ್ತೋ ಇದು ನಿಂಗೆ?”

“ಮನೇಲಿ. ರಾಗಿಹಿಟ್ಟಿನ ಡಬ್ಬದ ಹಿಂದೆ.”

ಎಲ್ಲ ಕತ್ತುಗಳೂ ಒಟ್ಟಿಗೆ ಸೇತುರಾಯರ ಕಡೆ ಹೊರಳಿದವು. ರಾಯರು ಪಾಪ, ಅಭ್ಯಾಸಬಲದಿಂದ ಎದ್ದು ನಿಂತರು. “ಹೌದು, ನಂದೇ. ಬಾಯಿ ಚಪಲ” ಎಂದರು.

“ಹಿಂಗಾತೇನ್ರಿ” ಎಂದರು ಹಾಲಪ್ಪ. “ಕೋಳಿ ಇರೋ ಅಡುಗಿಮನೀಂದ ನಮಗ ದಸರಾ ಊಟ ಬರ್ತಿತ್ತೇನ್ರಿ ರಾಯರೇ, ಇಷ್ಟು ವರ್ಷ?”

ರಾಯರ ತಲೆ ತಗ್ಗಿತು. ಅಂಬುಜಕ್ಕ ಅಂಗೈಯಲ್ಲಿ ಉಳಿದಿದ್ದ ಎಳೆಗಳನ್ನೂ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿದರು.

“ಕೂತ್ಕೊಳ್ರೀ” ಎಂದರು ಗಂಡನಿಗೆ. “ಅದು ನಂದು.”

ಆಮೇಲೆ ಹಾಲಪ್ಪನವರ ಕಡೆ ತಿರುಗಿದರು.

“ಇದರಲ್ಲಿ ಕೋಳಿ ಇಲ್ಲ. ಡಬ್ಬಿ ತಿರುಗಿಸಿ ಓದ್ಕೊಳ್ಳಿ ಡಾಕ್ಟ್ರೇ, ಸಣ್ಣಕ್ಷರದಲ್ಲಿದೆ. ಇನ್ನು ನೀನು, ಪ್ರಾಣೇಶ. ಜರಡೀಲಿ ತೊಳೆದುಬಿಟ್ಟಿದೀಯ, ಮಸಾಲೆ ಅರ್ಧ ಸಿಂಕಿಗೆ ಹೋಗಿದೆ. ಅಣಬೆ ಆರಿಸಿ ಬಿಸಾಕಿದೀಯ, ಜೋಳ ಹಾಗೇ ಉಳಿಸಿದೀಯ. ಸಾಸ್ ಪೊಟ್ಟಣ ಒಡೆದೇ ಇಲ್ಲ. ನಿಂಬೆಹುಳಿ ಹೆಚ್ಚಾಗಿದೆ. ಇಂಥಾ ಪದಾರ್ಥಾನ ಕೆಡಿಸೋದಕ್ಕೂ ಒಂದು ಯೋಗ್ಯತೆ ಬೇಕು ಕಣೋ.”

“ಚಿಕ್ಕಮ್ಮ, ನೀವು... ಇದನ್ನ ತಿಂತೀರಾ?”

“ತಿಂತೀನಿ. ನಲವತ್ತು ಜನಕ್ಕೆ ಬೇಯಿಸಿ ಹಾಕೋಳಿಗೆ, ತಾನು ಬೇಯಿಸದೇ ಇರೋದನ್ನ ಒಂದು ದಿನ ತಿನ್ನೋ ಆಸೆ ಇರಬಾರದೇನೋ?”

ಕೂಟದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಸೆರಗಿನ ತುದಿ ಸರಿಮಾಡಿಕೊಂಡರು. ಹಾಲಪ್ಪ ನನ್ನನ್ನು ತಿರುಗಿಸಿ, ದವಡೆ ಹಲ್ಲು ಪರೀಕ್ಷಿಸುವ ಹಾಗೆ ಇಣುಕಿ ಓದಿದರು. “ಕೋಳಿ ಇಲ್ಲ, ಖರೇನ” ಎಂದರು ಸಣ್ಣ ದನಿಯಲ್ಲಿ. “ನಾಲಿಗೀನೂ ಸರಿ ಐತಿ.” ಕೇಟರಿಂಗ್‌ನವರ ನಂಬರು ತೆಗೆದು ಹಿಡಿದಿದ್ದ ಫೋನು ಜೇಬಿಗೆ ಹೋಯಿತು.

ಇಲ್ಲೊಂದು ಗಳಿಗೆ ತಡೆದು ನನ್ನ ಮುಪ್ಪಿನ ಸಂಗತಿ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ಈಗ ನಾನು ಅಂಬುಜಕ್ಕನ ಅಡುಗೆಮನೆಯ ಕಿಟಕಿಯಲ್ಲಿದ್ದೇನೆ. ತಳಕ್ಕೆ ತೂತು ಕೊರೆದು ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದಾರೆ. ಬಿಸಿಲಿಗೆ ಅಕ್ಷರ ಮಾಸಿ ‘ಕೋಳಿ’ ಅಳಿಸಿದೆ, ‘ಅಣಬೆ’ ಉಳಿದಿದೆ. ನನ್ನ ಕುಲದ ಮಾನ ಲೋಕದಲ್ಲಿ ಏರಿತೆಂದು ಹೇಳಲಾರೆ. ಜನ ಇನ್ನೂ ನಗುತ್ತಾರೆ, ಇನ್ನೂ ಕೋಸಿನ ಕೆಳಗೆ ಹುದುಗಿಸಿ ಒಯ್ಯುತ್ತಾರೆ. ಆದರೆ ಈ ಮನೆಯ ಅಲಮಾರಿಯಲ್ಲಿ ನನ್ನ ತಮ್ಮಂದಿರು ಮುಂದಿನ ಸಾಲಿಗೆ ಬಂದಿದ್ದಾರೆ. ಹೆಸರು ಕೆಟ್ಟವನಿಗೆ ಬೆಳಕು ಬೀಳುವ ಜಾಗವೊಂದು ಸಿಕ್ಕಿದರೆ ಅದೇನು ಕಡಿಮೆಯಲ್ಲ.

ಸರಿ, ಸಭೆಗೆ ಹೋಗೋಣ. ಅಂಬುಜಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗಂಡನ ಕಡೆ ನೋಡುತ್ತಿದ್ದಾರೆ. ಇಷ್ಟು ವರ್ಷ ಅವರ ಮೇಲೆ ಹೊರಿಸಿದ ಆಪಾದನೆ ನೆನೆದು ಮುಖ ಕೆಂಪಾಗಿದೆ. ಸೇತುರಾಯರು ಮಾತ್ರ ಕೂತಿರಲಿಲ್ಲ. ನಿಂತೇ ಇದ್ದರು. ಗಂಟಲು ಸರಿಮಾಡಿಕೊಂಡರು.

“ಅಂಬುಜಾ, ನಂದೊಂದು ಅಹವಾಲು. ಬೈಸ್ಕೊಂಡಿದ್ದಕ್ಕೆ ಬೇಜಾರಿಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಒಂದು ಚಮಚ ಕೊಟ್ಟಿದ್ರೆ, ಏನು ತಿಂದಿದ್ದಕ್ಕೆ ಬೈಸ್ಕೊಳ್ತಿದೀನಿ ಅಂತಾದ್ರೂ ಗೊತ್ತಾಗ್ತಿತ್ತು.”

ಮೊದಲು ಎಲ್ಲಿಂದಲೋ ಒಂದು ಕಿಸಕ್ ಎಂಬ ಸದ್ದು ಬಂತು. ಆಮೇಲೆ ಮಾಲಿನಿ, ಆಮೇಲೆ ಹಾಲಪ್ಪ, ಆಮೇಲೆ ಇಡೀ ಸಭೆ ನಕ್ಕಿತು. ಆ ಗದ್ದಲವನ್ನೆಲ್ಲ ಮೀರಿ, ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿ ನಗುತ್ತಿದ್ದವರು ಅಂಬುಜಕ್ಕ.