ಸೈಕಸ್ ಸುಳಿಯ ಹುಳು

2009ರ ಏಪ್ರಿಲ್ 17, ಶುಕ್ರವಾರ, ಬೆಳಿಗ್ಗೆ ಏಳೂ ನಲವತ್ತಕ್ಕೆ ಬಹರೈನಿನ ಬುದಯ್ಯ ರಸ್ತೆಯ ವಿಲ್ಲಾ ಕಾಂಪೌಂಡೊಂದರಲ್ಲಿ ಕ್ಲಾರಾ ಈಚಲಿನಂಥ ಗರಿಗಳ, ಸುಳಿ ಒಣಗಿದ ಸೈಕಸ್ ಗಿಡದ ಮುಂದೆ ಕ್ಯಾಮೆರಾ ಹಿಡಿದು ಮಂಡಿಯೂರಿ ಕುಳಿತಿದ್ದಳು. ತೋಟದ ಕೆಲಸದ ಸುಂದರ ಪೈಪನ್ನು ಪಕ್ಕಕ್ಕೆ ತಿರುಗಿಸಿ, "ತೆಗೀರಿ ಟೀಚರೇ, ನೀರು ಹಾರುದಿಲ್ಲ," ಎಂದ. ಕಾರ್ಕಳದವನು.

ಉಗುರಗಲದ ನೀಲಿ ಚಿಟ್ಟೆಯೊಂದು ಎಲೆಯ ತುದಿಯಲ್ಲಿ ರೆಕ್ಕೆ ಬಿಚ್ಚಿ ಕುಳಿತಿತ್ತು. ಈ ಜಾತಿಯವುಗಳ ಗುಟ್ಟೆಲ್ಲ ರೆಕ್ಕೆಯ ಅಡಿಭಾಗದಲ್ಲಿ. ಮೇಲಿನ ನೀಲಿಗೆ ಮರುಳಾದವರು ಗುರುತು ತಪ್ಪುತ್ತಾರೆ. ಮಂಗಳೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ, ರಜೆಗೆಂದು ತಂಗಿಯ ಮನೆಗೆ ಬಂದಿದ್ದ ಕ್ಲಾರಾ ಉಸಿರು ಬಿಗಿಹಿಡಿದು ಕಾದಳು. ರೆಕ್ಕೆ ಮಡಚಿತು. ಬೂದು ಬಣ್ಣ, ಬಿಳಿ ಅಂಚಿನ ಕರಿ ಚುಕ್ಕೆಗಳು, ಕಿತ್ತಳೆ ಹುಬ್ಬಿನ ಒಂದು ಕಣ್ಣು, ನೂಲೆಳೆಯಂಥ ಬಾಲ. ಪ್ಲೇನ್ಸ್ ಕ್ಯುಪಿಡ್! ಊರಲ್ಲಿ ದಿನಾ ಕಾಣುವ ಚಿಟ್ಟೆ.

ಮಧ್ಯಾಹ್ನ ಗುಫೂಲ್ ಬಡಾವಣೆಯ ತಂಗಿಯ ಫ್ಲ್ಯಾಟಿನಲ್ಲಿ ಊಟಕ್ಕೆ ಕುಳಿತಾಗ ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ತಂಗಿ ಜಾನೆಟ್‌ಳ ಗಂಡ ಮೌರಿಸ್ ಅದೇ ಕಾಂಪೌಂಡಿನ ತೋಟಗಳ ಮೇಲ್ವಿಚಾರಕ.

"ಮೌರಿಸ್, ನಿನ್ನ ತೋಟದಲ್ಲಿ ನಮ್ಮೂರಿನವಳೊಬ್ಬಳು ಸಿಕ್ಕಿದಳು ಮಾರಾಯ, ವೀಸಾ ಇಲ್ಲದೆ ಬಂದವಳು!" ಎಂದು ಕ್ಯಾಮೆರಾ ತೋರಿಸಿದಳು. "ಇದರ ಹುಳುವಿಗೆ ಸೈಕಸ್‌ನ ಎಳೆ ಎಲೆಯೇ ಊಟ. ನೀನು ತರಿಸಿದ ಗಿಡದೊಟ್ಟಿಗೇ ಬಂದಿರಬೇಕು. ಆ ಸುಳಿಗಳೆಲ್ಲ ಒಣಗಿದ್ದು ಇದರಿಂದಲೇ."

ಮೀನು ಸಾರಿನಲ್ಲಿದ್ದ ಮೌರಿಸ್‌ನ ಕೈ ನಿಂತಿತು. "ಫೋಟೊ ಡಿಲೀಟ್ ಮಾಡಿ."

"ಎಂತಕೆ?"

"ಮಾಡಿ ಅಂದ್ರೆ ಮಾಡಿ, ಅಕ್ಕ."

ಜಾನೆಟ್ ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಸುಂದರ ನೀರು ಹಾಕದೆ ಸುಳಿ ಒಣಗಿತು ಅಂತ ಇವರು ಆಫೀಸಿಗೆ ಹೇಳಿ ಆಗಿದೆ. ಭಾನುವಾರ ಆಫೀಸು ತೆರೆದ ಕೂಡಲೇ ಅವನ ವೀಸಾ ಕ್ಯಾನ್ಸಲ್. ಈಗ ನೀನು ಹುಳ ಗಿಳ ಅಂದ್ರೆ, ನೋಡದೆ ಗಿಡ ತಂದವರು ಯಾರು ಅಂತ ಕೇಳ್ತಾರೆ."

"ನೀರು ಹಾಕಲಿಲ್ಲವಾ? ನನ್ನ ಮಂಡಿಗೆ ಮೆತ್ತಿದ ಕೆಸರು ನೋಡು! ಹುಳ ತಿಂದದ್ದಕ್ಕೆ ಅವನ ಅನ್ನ ಕಸಿಯುದಾ?"

"ಅವನು ನಿನಗೆ ಎಂತ ಆಗ್ಬೇಕು? ನಾನು ನಿನ್ನ ತಂಗಿ."

ಬಾಗಿಲಲ್ಲಿ ಮೌರಿಸ್ ನಿಂತಿದ್ದ. "ನಿಮ್ಮ ವಿಸಿಟ್ ವೀಸಾ ಮಾಡಿಸಿದ್ದು ನಾನು. ವಾಪಸ್ ಟಿಕೆಟ್ ನಾಳೆಗೇ ಮಾಡ್ಲಿಕ್ಕೆ ಒಂದು ಫೋನ್ ಸಾಕು."

"ಮಾಡು. ಭಾನುವಾರ ದಾಟಿದ ಮೇಲಿನದ್ದು ಮಾಡು," ಎಂದಳು ಕ್ಲಾರಾ.



ಭಾನುವಾರ ಅವಳು ಟ್ಯಾಕ್ಸಿ ಹಿಡಿದು ಕಾಂಪೌಂಡಿನ ಆಫೀಸಿಗೆ ಹೋದಳು. ಮ್ಯಾನೇಜರ್ ಹಸೀಬಾ ಉಳ್ಳಾಲದವರು. ಅವರ ಮುಂದೆ ಮೌರಿಸ್ ಆಗಲೇ ಕುಳಿತಿದ್ದ. ಹೊರಗಿನ ಬೆಂಚಿನಲ್ಲಿ ಸುಂದರ. ಕ್ಲಾರಾ ಫೋಟೊ ತೋರಿಸಿ ವಿಷಯ ಹೇಳಿದಳು.

"ಮೇಡಮ್, ಇಂಥದ್ದೇ ನೂರು ಫೋಟೊ ಇವರ ಹತ್ತಿರ ಉಂಟು, ಎಲ್ಲ ಮಂಗಳೂರಿನದ್ದು," ಎಂದು ಮೌರಿಸ್ ನಕ್ಕ. "ಕ್ಯಾಮೆರಾದ ತಾರೀಕು ಯಾರು ಬೇಕಾದ್ರೂ ತಿರುಗಿಸ್ಬಹುದು. ರಜೆಗೆ ಬಂದವರು, ಟೈಮ್ ಪಾಸ್ ಬೇಕಲ್ಲ. ಖಲ್ಲಿ ವಲ್ಲಿ, ಬಿಡಿ."

ಕ್ಲಾರಾ ಕ್ಯಾಮೆರಾದ ಪರದೆಯನ್ನು ಮತ್ತೆ ನೋಡಿದಳು. ಹಿನ್ನೆಲೆ ಮಸುಕಾಗಬೇಕು, ಚಿಟ್ಟೆಯೊಂದೇ ಎದ್ದು ಕಾಣಬೇಕು ಎಂಬ ಹಟದಿಂದ ತೆಗೆದ ಚಿತ್ರಗಳು ಅವು. ಗೋಡೆಯಿಲ್ಲ, ಬಾಗಿಲಿಲ್ಲ, ಇದು ಬಹರೈನ್ ಎನ್ನಲು ಒಂದು ಹರಳೂ ಇಲ್ಲ. ತನ್ನ ಕುಶಲತೆಯೇ ಸಾಕ್ಷ್ಯವನ್ನು ಅಳಿಸಿತ್ತು.

"ಗಿಡವನ್ನೇ ನೋಡುವ," ಎಂದು ಹಸೀಬಾ ಎದ್ದರು.

ಗಿಡಗಳ ಸುಳಿಗಳನ್ನೆಲ್ಲ ಬುಡಮಟ್ಟ ಕತ್ತರಿಸಲಾಗಿತ್ತು.

"ಒಣಗಿದ್ದನ್ನು ತೆಗೆಸಿದೆ. ಖಲಾಸ್," ಎಂದ ಮೌರಿಸ್.

ಹಿಂದೆ ಬಂದಿದ್ದ ಸುಂದರ ತಲೆ ತಗ್ಗಿಸಿದ. "ನಿನ್ನೆ ನನ್ನ ಕೈಯಲ್ಲೇ ಕಡಿಸಿದ್ರು, ಟೀಚರೇ."

ಕ್ಲಾರಾ ಮತ್ತೆ ಮಂಡಿಯೂರಿದಳು. ಕೊನೆಯ ಗಿಡದ ಕಾಂಡದಲ್ಲಿ ಇರುವೆಗಳ ಸಾಲೊಂದು ಮೇಲಕ್ಕಲ್ಲ, ಮಣ್ಣಿನ ಕಡೆಗೆ ಇಳಿಯುತ್ತಿತ್ತು. ಈ ಹುಳು ಸಿಹಿರಸ ಒಸರುತ್ತದೆ; ಅದನ್ನು ಹೀರಲು ಇರುವೆಗಳು ಸುತ್ತ ಕಾವಲು ನಿಲ್ಲುತ್ತವೆ. ಅವಳು ಸಾಲನ್ನೇ ಹಿಂಬಾಲಿಸಿ ಒಣಗರಿಗಳನ್ನು ಸರಿಸಿದಳು. ಬುಡದಲ್ಲಿ ಒಂದು ಮರಿಗಿಡ, ಅದರ ನಡುವೆ ಸುರುಳಿ ಬಿಚ್ಚದ ಎಳೆ ಎಲೆ. ಎಲೆಯನ್ನು ಅರ್ಧ ತಿಂದು ಹಸಿರು ಹುಳುವೊಂದು ಅಂಟಿಕೊಂಡಿತ್ತು.

ಹಸೀಬಾ ಬಗ್ಗಿ ನೋಡಿದರು. ಮಣ್ಣನ್ನೂ ಬೆರಳಿನಿಂದ ಒತ್ತಿ ನೋಡಿದರು, ಒದ್ದೆಯಾಗಿತ್ತು. "ಇದು ಮಂಗಳೂರಿನ ಫೋಟೊ ಅಲ್ಲ ಅಲ್ವಾ, ಮೌರಿಸ್?" ಮತ್ತೆ ಸುಂದರನತ್ತ ತಿರುಗಿ, "ನೀನೆಂತ ನಿಂತದ್ದು? ಪೈಪ್ ಹಿಡಿ, ಕೆಲಸ ನೋಡು," ಎಂದರು.

ಸುಂದರ ಅಲ್ಲಾಡದೆ ನಿಂತ. ಎರಡನೆಯ ಸಲ ಹೇಳಿದ ಮೇಲೆಯೇ ಹೊರಟ.

ಮೌರಿಸ್ ಕ್ಲಾರಾಳ ಕಿವಿಯ ಹತ್ತಿರ ಬಂದ. "ನಾಳೆಯ ಫ್ಲೈಟ್, ಅಕ್ಕ. ಬ್ಯಾಗ್ ತುಂಬಿಸಿ. ಇನ್ನು ನಮ್ಮ ಬಾಗಿಲಿಗೆ ಬರ್ಬೇಡಿ. ಜಾನೆಟ್‌ಗೂ ಫೋನ್ ಮಾಡ್ಬೇಡಿ."

ಕ್ಲಾರಾ ಕ್ಯಾಮೆರಾ ಎತ್ತಿದಳು. ಈ ಸಲ ಹಿಂದಕ್ಕೆ ಸರಿದು, ವಿಲ್ಲಾದ ಗೋಡೆ, ಬಾಗಿಲಿನ ಅರಬಿ ಫಲಕ, ಕಡಿದ ಗಿಡಗಳು, ಎಲೆ ತೋರಿಸುವ ಹಸೀಬಾರ ಬೆರಳು, ಎಲ್ಲ ಬರುವಂತೆ ಫೋಟೊ ತೆಗೆದಳು. ಆಮೇಲೆ ಹತ್ತಿರ ಹೋಗಿ ಹುಳುವಿನ ಪಕ್ಕ ಸ್ಟೀಲ್ ಅಳತೆಪಟ್ಟಿ ಇಟ್ಟಳು. ಗೆರೆಗಳನ್ನು ಎಣಿಸಿ ಓದಿದಳು. ಹುಳುವಿನ ಉದ್ದ ಒಂಬತ್ತು ಮಿಲಿಮೀಟರ್.